ಸಾತೊಡ್ಡಿ ದಾರಿಯ ಮನೆಯಲ್ಲಿ ಬಿಸಿಲಿನ ಲೆಕ್ಕ

ಪುಣೆಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಚಹಾದ ಹೊತ್ತಿಗೆ ಹುಬ್ಬಳ್ಳಿ. ಅಲ್ಲಿಂದ ಅಂಕೋಲಾ ಕಡೆಯ ಬಸ್ಸು ಹಿಡಿದು ಸುಮಾರು ಎಪ್ಪತ್ತು ಕಿಲೋಮೀಟರ್ ಹೋದರೆ ಯಲ್ಲಾಪುರ. ಕಲಘಟಗಿಯವರೆಗೂ ಎರಡೂ ಬದಿ ಹೊಲ. ಕಿರವತ್ತಿ ಬರುವಷ್ಟರಲ್ಲಿ ಕಾಡು ಶುರು. ಯಲ್ಲಾಪುರದ ಪೇಟೆ ದಾಟಿ ಸಾತೊಡ್ಡಿ ಜಲಪಾತದ ದಾರಿ ಹಿಡಿದ ಮೇಲೆ ಫೋನಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಆಮೇಲೆ ನನ್ನ ದೊಡ್ಡಪ್ಪನ ಮನೆ. ಹೆಂಚಿನ ಮಾಡು, ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಸುತ್ತ ಹಲಸು, ಮಾವು.

ಈ ಮನೆಗೆ ವಿದ್ಯುತ್ ಕಂಬ ಬಂದಿಲ್ಲ. ಹಾಗೆಂದು ಇದು ವಿದ್ಯುತ್ತಿಗೆ ಬಡ ಸೀಮೆಯೇನಲ್ಲ. ಸಾತೊಡ್ಡಿಯಲ್ಲಿ ಧುಮುಕಿದ ನೀರು ಹೋಗಿ ಸೇರುವುದು ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರಿಗೆ. ಕೊಡಸಳ್ಳಿಯಲ್ಲಿ 120 ಮೆಗಾವ್ಯಾಟ್, ಅದರ ಕೆಳಗೆ ಕದ್ರಾದಲ್ಲಿ 150, ಮೇಲೆ ನಾಗಝರಿಯಲ್ಲಿ 900ರ ಆಸುಪಾಸು, ಪಕ್ಕದ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಅಣುಘಟಕಗಳು. ಒಂದೇ ಕಾಳಿ ಕಣಿವೆಯಲ್ಲಿ ಇಷ್ಟೆಲ್ಲ ಹುಟ್ಟುತ್ತದೆ. 400 ಕಿಲೋವೋಲ್ಟಿನ ಮಾರ್ಗಗಳು ಕಾಡಿನ ನೆತ್ತಿಯ ಮೇಲೆ ಹಾದು ದೂರದ ಊರುಗಳಿಗೆ ಹೋಗುತ್ತವೆ. ಕಾಡಿನೊಳಗೆ ಚದುರಿರುವ ಒಂಟಿ ಮನೆಗಳಿಗೆ ತಂತಿ ಎಳೆಯಬೇಕೆಂದರೆ ಅರಣ್ಯದ ಅನುಮತಿ ಬೇಕು, ಖರ್ಚು ಹೆಚ್ಚು, ಎಳೆದರೂ ಮಳೆಗಾಲದಲ್ಲಿ ಮರ ಬಿದ್ದು ತುಂಡಾಗುತ್ತದೆ. ಹೀಗಾಗಿ ದೊಡ್ಡಪ್ಪ ಕಂಬದ ಆಸೆ ಬಿಟ್ಟು ಏಳು ವರ್ಷದ ಹಿಂದೆ ಸೋಲಾರ್ ಹಾಕಿಸಿದರು.

ಉತ್ತರ ಕನ್ನಡಕ್ಕೆ ಸೋಲಾರ್ ಹೊಸದಲ್ಲ. ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಶುರುಮಾಡಿ, ಬ್ಯಾಂಕ್ ಸಾಲದ ಮೇಲೆ ಹಳ್ಳಿಮನೆಗಳಿಗೆ ದೀಪ ಕೊಡಬಹುದೆಂದು ತೋರಿಸಿದ್ದು ನಮ್ಮ ರಾಜ್ಯದಲ್ಲೇ. ಅದಕ್ಕೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆಗಿನ ಸೋಲಾರ್ ಅಂದರೆ ಒಂದು ಪುಟ್ಟ ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪ. ಕೇಳುವುದೂ ಕಡಿಮೆ, ಕೆಡುವುದೂ ಕಡಿಮೆ. ಈಗ ಮನೆಯ ಬೇಡಿಕೆ ಬದಲಾಗಿದೆ. ದೊಡ್ಡಪ್ಪನ ಊರಿಗೆ ಮೊಬೈಲ್ ಸಿಗ್ನಲ್ ಬಾರದಿದ್ದರೂ ಮರದಿಂದ ಮರಕ್ಕೆ ಕಟ್ಟಿದ ಫೈಬರ್ ಕೇಬಲ್ ಬಂದಿದೆ. ಫೋನ್ ಮಾಡುವುದು, ಔಷಧಿ ಚೀಟಿ ತರಿಸಿಕೊಳ್ಳುವುದು, ಸೊಸೈಟಿಯ ಅಡಿಕೆ ದರ ನೋಡುವುದು ಎಲ್ಲ ವೈಫೈ ಮೇಲೆ. ಎಪ್ಪತ್ತಾರು ವರ್ಷದ ದೊಡ್ಡಪ್ಪ, ಎಪ್ಪತ್ತರ ದೊಡ್ಡಮ್ಮ, ಇಬ್ಬರೇ ಇರುವ ಮನೆಯಲ್ಲಿ ಆ ರೂಟರಿನ ಹಸಿರು ಚುಕ್ಕಿಯೇ ಹೊರಲೋಕದ ಬಾಗಿಲು.

ಹೋದ ವರ್ಷ ಆಗಸ್ಟಿನಲ್ಲಿ ಆ ಬಾಗಿಲು ಐದು ದಿನ ಮುಚ್ಚಿತು. ಬ್ಯಾಟರಿ ಸತ್ತುಹೋಗಿತ್ತು. ದಾರಿಗೆ ಮರ ಬಿದ್ದಿದ್ದರಿಂದ ಯಲ್ಲಾಪುರದ ಮೆಕ್ಯಾನಿಕ್ ಬರುವಂತಿರಲಿಲ್ಲ. ಬೆಂಗಳೂರಿನಲ್ಲಿರುವ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಐದು ದಿನ ನಿದ್ದೆ ಮಾಡಿರಲಿಲ್ಲ. ಆರನೇ ದಿನ ಫೋನ್ ಸಿಕ್ಕಾಗ ಅವನು ಹೇಳಿದ್ದು ಒಂದೇ ಮಾತು: ಮುಂದಿನ ಮಳೆಗಾಲವೂ ಹೀಗೇ ಆದರೆ ಇಬ್ಬರನ್ನೂ ಫ್ಲ್ಯಾಟಿಗೆ ಕರೆತರುತ್ತೇನೆ, ತೋಟ ಗೇಣಿಗೆ ಕೊಡೋಣ. ಏಳು ವರ್ಷದಲ್ಲಿ ಅದು ಮೂರನೇ ಬ್ಯಾಟರಿ. ಹೊಸದಕ್ಕೆ ಮತ್ತೆ ಹದಿನೈದು ಸಾವಿರ.

"ಬೆಳಕು ಇಲ್ದೇ ಇದ್ರೆ ನಡೀತು ಕೂಸೆ, ಫೋನ್ ಇಲ್ದೇ ಇದ್ರೆ ನಡಿತಿಲ್ಲೆ" ಎಂದರು ದೊಡ್ಡಮ್ಮ. ಮೂವತ್ತೆಂಟಾದರೂ ಅವರಿಗೆ ನಾನು ಕೂಸೇ.

ನಾನು ಎಂ.ಟೆಕ್‌ನಲ್ಲಿ ಓದಿದ್ದು ಕಂಟ್ರೋಲ್ ಸಿಸ್ಟಮ್ಸ್. ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್. ಈ ಮೇ ತಿಂಗಳಲ್ಲಿ ಎರಡು ವಾರ ರಜೆ ಹಾಕಿ, ಒಂದು ಮಲ್ಟಿಮೀಟರ್, ಕರೆಂಟ್ ಅಳೆಯುವ ಕ್ಲಾಂಪ್, ಒಂದಿಷ್ಟು ಬಿಡಿಭಾಗ ಚೀಲಕ್ಕೆ ತುಂಬಿಕೊಂಡು ಹೋದೆ. ಮೊದಲ ಮೂರು ದಿನ ಏನನ್ನೂ ಬದಲಿಸಲಿಲ್ಲ. ಬರೀ ಅಳೆದೆ, ಬರೆದುಕೊಂಡೆ.

ಮನೆಯಲ್ಲಿದ್ದದ್ದು ಇಷ್ಟು: ಹೆಂಚಿನ ಮೇಲೆ 100 ವ್ಯಾಟಿನ ಎರಡು ಪ್ಯಾನೆಲ್, 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿ, ಸಾದಾ ಚಾರ್ಜ್ ಕಂಟ್ರೋಲರ್, ಮಿಕ್ಸಿ ಮತ್ತು ಟಿವಿಗಾಗಿ ಒಂದು ಇನ್ವರ್ಟರ್. ಐದು ಎಲ್‌ಇಡಿ ದೀಪಗಳು ರಾತ್ರಿಗೆ 120 ವ್ಯಾಟ್ ಅವರ್ ತಿನ್ನುತ್ತಿದ್ದವು, ಎರಡು ಫೋನು 25. ರೂಟರ್ 8 ವ್ಯಾಟಿನದು. ಹಗಲೂ ರಾತ್ರಿ ಉರಿದರೆ 190ರ ಮೇಲೆ. ಮಿಕ್ಸಿಯದ್ದು ಅಬ್ಬರವೇ ಹೆಚ್ಚು. ಮೂರು ನಿಮಿಷ ತಂಬುಳಿಗೆ ಅರೆದರೆ 25 ವ್ಯಾಟ್ ಅವರ್ ಅಷ್ಟೆ. ಇವೆಲ್ಲವನ್ನೂ ಮೀರಿಸಿದ ಭಕಾಸುರ ಬೇರೆ ಇತ್ತು: ಇನ್ವರ್ಟರ್. ಏನನ್ನೂ ನಡೆಸದೆ ಸುಮ್ಮನೆ ಕೂತಾಗಲೂ ಅದು 12 ವ್ಯಾಟ್ ಎಳೆಯುತ್ತಿತ್ತು. ದಿನಕ್ಕೆ 288 ವ್ಯಾಟ್ ಅವರ್! ಐದು ದೀಪಗಳು ರಾತ್ರಿಯಿಡೀ ತಿನ್ನುವುದರ ಎರಡು ಪಟ್ಟಿಗಿಂತ ಹೆಚ್ಚು.

ಅದನ್ನು ಹಗಲಿರುಳು ಹಚ್ಚಿಟ್ಟದ್ದು ರೂಟರಿಗಾಗಿ. ಇಲ್ಲೊಂದು ತಮಾಷೆಯಿದೆ. ರೂಟರಿಗೆ ಬೇಕಾದದ್ದು 12 ವೋಲ್ಟಿನ ಡಿಸಿ. ಬ್ಯಾಟರಿಯಲ್ಲಿ ಇರುವುದೂ 12 ವೋಲ್ಟಿನ ಡಿಸಿ. ನಡುವೆ ಇನ್ವರ್ಟರ್ ಅದನ್ನು 230 ವೋಲ್ಟಿಗೆ ಏರಿಸುತ್ತದೆ, ರೂಟರಿನ ಅಡಾಪ್ಟರ್ ಮತ್ತೆ 12ಕ್ಕೆ ಇಳಿಸುತ್ತದೆ. ಪಕ್ಕದ ಮನೆಗೆ ಹೋಗಲು ಹುಬ್ಬಳ್ಳಿಗೆ ಹೋಗಿ ಬಂದ ಹಾಗೆ. ಒಟ್ಟು ಲೆಕ್ಕ ಹಾಕಿದರೆ ಮನೆಯ ದಿನದ ಖರ್ಚು 650 ವ್ಯಾಟ್ ಅವರ್ ಸುತ್ತಮುತ್ತ.

ಬೇಸಿಗೆಯಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಮೇ ತಿಂಗಳಲ್ಲಿ ಬೆಳಗ್ಗೆ ಹನ್ನೊಂದೂವರೆಗೆಲ್ಲ ಬ್ಯಾಟರಿ ತುಂಬಿ, ಕಂಟ್ರೋಲರ್ ಹೆಚ್ಚಿನ ಬಿಸಿಲನ್ನು ಬೇಡವೆಂದು ಬಿಟ್ಟುಬಿಡುತ್ತಿತ್ತು. ಮಧ್ಯಾಹ್ನದ ಬಿಸಿಲು ದಂಡ. ಆದರೆ ಆಷಾಢದಲ್ಲಿ, ಘಟ್ಟದ ಕಪ್ಪು ಮೋಡದ ಕೆಳಗೆ, ಆ ಎರಡು ಪ್ಯಾನೆಲ್‌ಗಳಿಂದ ದಿನಕ್ಕೆ 200ರಿಂದ 300 ವ್ಯಾಟ್ ಅವರ್ ಬಂದರೆ ಪುಣ್ಯ. ಕೆಲವು ದಿನ ನೂರೂ ಇಲ್ಲ. ಅಂದರೆ ಮಳೆಗಾಲದ ಗಳಿಕೆಯಷ್ಟನ್ನೂ ಇನ್ವರ್ಟರ್ ಒಂದೇ ನುಂಗುತ್ತಿತ್ತು. ದೀಪ, ಫೋನು ಎಲ್ಲ ಬ್ಯಾಟರಿಯ ಅಸಲಿನಿಂದ. ಲೆಡ್ ಆಸಿಡ್ ಬ್ಯಾಟರಿಯನ್ನು ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಮರಳುವುದಿಲ್ಲ. ಮೂರು ಬ್ಯಾಟರಿಗಳು ಸತ್ತದ್ದು ಹೀಗೆ, ಹಸಿವಿನಿಂದ.

ಇನ್ನು ಗಳಿಕೆಯ ಕಡೆ. 100 ವ್ಯಾಟಿನ ಪ್ಯಾನೆಲ್ ಆ ನೂರು ವ್ಯಾಟ್ ಕೊಡುವುದು ಸುಮಾರು 17.8 ವೋಲ್ಟಿನಲ್ಲಿ, 5.6 ಆಂಪಿಯರ್ ಹರಿದಾಗ. ಸಾದಾ ಕಂಟ್ರೋಲರ್ ಪ್ಯಾನೆಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸುತ್ತದೆ. ಬ್ಯಾಟರಿ 12.5 ವೋಲ್ಟಿನಲ್ಲಿದ್ದರೆ ಪ್ಯಾನೆಲ್ಲೂ 12.5ಕ್ಕೆ ಇಳಿಯಬೇಕು, ಕರೆಂಟ್ ಹೆಚ್ಚೇನೂ ಏರುವುದಿಲ್ಲ. 5.6ನ್ನು 12.5ರಿಂದ ಗುಣಿಸಿ ನೋಡಿ, ಸಿಗುವುದು 70 ವ್ಯಾಟ್. ಎಂಪಿಪಿಟಿ ಎಂಬ ಕಂಟ್ರೋಲರ್ ಮಾಡುವುದು ಇಲ್ಲಿಯೇ ಕೆಲಸ. ಅದು ಪ್ಯಾನೆಲನ್ನು ಅದಕ್ಕೆ ಒಗ್ಗುವ ವೋಲ್ಟೇಜಿನಲ್ಲಿ ದುಡಿಸಿ, ಬ್ಯಾಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ, ಇಳಿಸಿದಷ್ಟಕ್ಕೆ ಕರೆಂಟ್ ಹೆಚ್ಚಿಸಿ ಕೊಡುತ್ತದೆ.

ಆ ಒಗ್ಗುವ ಬಿಂದು ಒಂದೇ ಕಡೆ ನಿಲ್ಲುವುದಿಲ್ಲ. ಮೋಡ ಬಂದರೆ, ಪ್ಯಾನೆಲ್ ಕಾದರೆ ಸರಿಯುತ್ತದೆ. ಕಂಟ್ರೋಲರ್ ಅದನ್ನು ಹುಡುಕುವ ರೀತಿ, ಮಂಜು ಮುಚ್ಚಿದ ಅರಬೈಲ್ ಘಟ್ಟದಲ್ಲಿ ನೆತ್ತಿ ಹುಡುಕುವವನ ಹಾಗೆ. ಒಂದು ಹೆಜ್ಜೆ ಇಡುತ್ತದೆ. ಏರಿದೆ ಅನಿಸಿದರೆ ಅದೇ ದಿಕ್ಕಿಗೆ ಇನ್ನೊಂದು, ಇಳಿದರೆ ಹಿಂದಕ್ಕೆ. ಸೆಕೆಂಡಿಗೆ ಎಷ್ಟೋ ಸಲ ಹೀಗೆ. ಪ್ಯಾನೆಲ್ಲಿನ ಅರ್ಧಕ್ಕೆ ಮರದ ನೆರಳು ಬಿದ್ದರೆ ಮಾತ್ರ ಗುಡ್ಡಕ್ಕೆ ಎರಡು ನೆತ್ತಿ ಮೂಡುತ್ತವೆ; ಪೆದ್ದ ಕಂಟ್ರೋಲರ್ ಚಿಕ್ಕ ದಿಬ್ಬವನ್ನೇ ನೆತ್ತಿಯೆಂದು ತಿಳಿದು ಅಲ್ಲೇ ಕೂತುಬಿಡುತ್ತದೆ. ಒಳ್ಳೆಯದು ಆಗಾಗ ಇಡೀ ಗುಡ್ಡವನ್ನು ಒಮ್ಮೆ ಓಡಾಡಿ ನೋಡುತ್ತದೆ.

ಅಂಗಡಿಯವರು ಎಂಪಿಪಿಟಿ ಹಾಕಿದರೆ ಮೂವತ್ತು ಪರ್ಸೆಂಟ್ ಲಾಭ ಎನ್ನುತ್ತಾರೆ. ಎಲ್ಲ ಕಾಲಕ್ಕೂ ಅಲ್ಲ. ಕಡುಬೇಸಿಗೆಯಲ್ಲಿ ಪ್ಯಾನೆಲ್ 60 ಡಿಗ್ರಿಗೆ ಕಾದಾಗ ಅದರ ವೋಲ್ಟೇಜೇ 15ರ ಹತ್ತಿರ ಇಳಿದಿರುತ್ತದೆ, ಬ್ಯಾಟರಿ ತುಂಬುತ್ತ 14ರ ಹತ್ತಿರ ಏರಿರುತ್ತದೆ. ಉಳಿತಾಯ ಐದು ಪರ್ಸೆಂಟ್ ಸಿಕ್ಕರೆ ಹೆಚ್ಚು. ಪ್ಯಾನೆಲ್ ತಣ್ಣಗಿದ್ದು ಬ್ಯಾಟರಿ ಬರಿದಾಗಿರುವ ಮಳೆಗಾಲದ ಬೆಳಗಿನಲ್ಲಿ ಲಾಭ ಇಪ್ಪತ್ತು ದಾಟುತ್ತದೆ. ಬೇಕಾದ ಹೊತ್ತಿಗೇ ಸಿಗುತ್ತದೆ ಎಂಬುದು ಸಮಾಧಾನ. ಆದರೆ 200ರ ಇಪ್ಪತ್ತು ಪರ್ಸೆಂಟ್ ಅಂದರೆ 40. ಅಷ್ಟರಿಂದ ಮಾತ್ರ ಮನೆ ನಡೆಯದು.

ಎಂಪಿಪಿಟಿಯ ನಿಜವಾದ ಉಪಕಾರ ನನಗೆ ಬೇರೆ ಕಡೆಯಿಂದ ಬಂತು. ಹೆಂಚಿನ ಮೇಲಿನ ಪ್ಯಾನೆಲ್‌ಗಳಿಗೆ ಮಧ್ಯಾಹ್ನ ಎರಡರ ನಂತರ ಹಲಸಿನ ಮರದ ನೆರಳು. ಮರ ಕಡಿಯುವ ಮಾತನ್ನು ಯಾರೂ ಎತ್ತುವಂತಿಲ್ಲ, ಅದು ಅಜ್ಜ ನೆಟ್ಟದ್ದು. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲು ಬೀಳುವ ಜಾಗ ಇರುವುದು ಅಡಿಕೆ ಒಣಗಿಸುವ ಅಂಗಳದಲ್ಲಿ, ಮನೆಯಿಂದ 25 ಮೀಟರ್ ದೂರ. ಹಳೆಯ ಜೋಡಣೆಯಲ್ಲಿ ಅಲ್ಲಿಂದ 11 ಆಂಪಿಯರ್ ತರಬೇಕು. ಮನೆಯಲ್ಲಿದ್ದ 2.5 ಚದರ ಮಿಲಿಮೀಟರ್ ವೈರಿನಲ್ಲಿ ನಾಲ್ಕು ವೋಲ್ಟಿನಷ್ಟು ದಾರಿಯಲ್ಲೇ ಸೋರಿಹೋಗುತ್ತಿತ್ತು. ಎಂಪಿಪಿಟಿ ಇದ್ದರೆ ಎರಡೂ ಪ್ಯಾನೆಲನ್ನು ಸರಣಿಯಲ್ಲಿ ಜೋಡಿಸಬಹುದು. ವೋಲ್ಟೇಜ್ 36 ಹತ್ತಿರ ಏರಿ ಕರೆಂಟ್ ಅರ್ಧವಾಗುತ್ತದೆ, ಅದೇ ವೈರಿನಲ್ಲಿ ನಷ್ಟ ಐದಾರು ಪರ್ಸೆಂಟಿಗೆ ಇಳಿಯುತ್ತದೆ. ಅಂಗಳದ ಅಂಚಿನಲ್ಲಿ, ಅಡಿಕೆಗೆ ನೆರಳು ಬೀಳದಂತೆ, ಕಂಬ ನೆಟ್ಟು ಪ್ಯಾನೆಲ್ ಸಾಗಿಸಿದೆವು.

ಆಮೇಲೆ ಖರ್ಚಿನ ಕಡೆ ತಿರುಗಿದೆ. ರೂಟರಿಗೆ ಇನ್ವರ್ಟರ್ ಬಿಡಿಸಿ, ಬ್ಯಾಟರಿಯಿಂದಲೇ ಒಂದು ಪುಟ್ಟ ರೆಗ್ಯುಲೇಟರ್ ಮೂಲಕ ಲೈನ್ ಕೊಟ್ಟೆ. ಇನ್ವರ್ಟರಿಗೆ ಟೈಮರ್ ಹಾಕಿದೆ: ಗುಂಡಿ ಒತ್ತಿದರೆ ಹತ್ತಿಕೊಂಡು, ಮಿಕ್ಸಿ ಮುಗಿದ ಹತ್ತು ನಿಮಿಷಕ್ಕೆ ತಾನೇ ಆರುತ್ತದೆ. ಟಿವಿ ನೋಡುತ್ತಿದ್ದರೆ ಮಾತ್ರ ಉಳಿಯುತ್ತದೆ. ಉಳಿದದ್ದು ಯಾವುದನ್ನು ಯಾವಾಗ ಆರಿಸಬೇಕು ಎಂಬ ಪ್ರಶ್ನೆ.

ಸಾದಾ ಕಂಟ್ರೋಲರಿಗೆ ಒಂದೇ ನಿಯಮ ಗೊತ್ತು. ವೋಲ್ಟೇಜ್ 11ರ ಕೆಳಗೆ ಇಳಿದರೆ ಎಲ್ಲವನ್ನೂ ಒಟ್ಟಿಗೆ ಕಡಿಯುವುದು. ರಾತ್ರಿ ಎರಡು ಗಂಟೆಗೆ ದೀಪ, ಫೋನು, ರೂಟರ್ ಮೂರೂ ಒಮ್ಮೆಲೇ ಹೋಗುವುದು ಇದರಿಂದ. ಇಬ್ಬರೇ ವಯಸ್ಸಾದವರಿರುವ ಮನೆಗೆ ಇದಕ್ಕಿಂತ ಕೆಟ್ಟ ನಿಯಮ ಬೇರೆ ಬೇಕಿಲ್ಲ. ಒಂದು ಸಂಜೆ ಜಗಲಿಯಲ್ಲಿ ಕೂತು ದೊಡ್ಡಮ್ಮನನ್ನೇ ಕೇಳಿದೆ: ಬ್ಯಾಟರಿ ಕಡಿಮೆಯಾದರೆ ಮೊದಲು ಏನು ಬಿಡಬಹುದು? ಅವರು ಯೋಚಿಸದೆ ಹೇಳಿದರು. ಮೊದಲು ಟಿವಿ. ಆಮೇಲೆ ಮಿಕ್ಸಿ, ಒರಳು ಇದೆಯಲ್ಲ. ಆಮೇಲೆ ಜಗಲಿಯ ದೀಪ. ಬಚ್ಚಲಿಗೆ ಹೋಗುವ ದಾರಿಯ ದೀಪ ಮತ್ತು ಫೋನು ಕಡೆಯವರೆಗೂ ಬೇಕು. ನಾನು ಬರೆದ ಪ್ರೋಗ್ರಾಮಿನ ಆದ್ಯತಾಪಟ್ಟಿ ಅಷ್ಟೆ, ಅಕ್ಷರಶಃ ಅವರದ್ದು.

ಇಎಸ್‌ಪಿ32 ಎಂಬ ಅಗ್ಗದ ಬೋರ್ಡು ಬ್ಯಾಟರಿಗೆ ಒಳಬರುವ, ಹೊರಹೋಗುವ ಕರೆಂಟನ್ನು ಪಾಸ್‌ಬುಕ್ಕಿನ ಹಾಗೆ ಜಮಾ-ಖರ್ಚು ಬರೆಯುತ್ತದೆ. ಬರೀ ವೋಲ್ಟೇಜ್ ನೋಡಿದರೆ ಸಾಲದು. ದೀಪ ಹಚ್ಚಿದಾಗ ಅದು ಕುಸಿಯುತ್ತದೆ, ಬಿಸಿಲು ಬಿದ್ದಾಗ ಸುಳ್ಳೇ ಏರುತ್ತದೆ. ಈ ಬೋರ್ಡೂ ಬ್ಯಾಟರಿಯನ್ನೇ ತಿನ್ನುವುದರಿಂದ ಅದು ಹೆಚ್ಚು ಹೊತ್ತು ಮಲಗಿದ್ದು, ಕೆಲವು ನಿಮಿಷಕ್ಕೊಮ್ಮೆ ಎದ್ದು ಲೆಕ್ಕ ನೋಡಿ ಮತ್ತೆ ಮಲಗುವಂತೆ ಮಾಡಿದೆ. ಅಡುಗೆಮನೆಯ ಗೋಡೆಗೆ ಮೂರು ಬಣ್ಣದ ಪುಟ್ಟ ದೀಪ: ಹಸಿರಿದ್ದರೆ ಎಲ್ಲಕ್ಕೂ ಅನುಮತಿ, ಹಳದಿಯಿದ್ದರೆ ದೀಪ ಮತ್ತು ಫೋನು, ಕೆಂಪಾದರೆ ಒಂದು ದೀಪ, ರೂಟರು. ಬ್ಯಾಟರಿಯ ಕೊನೆಯ ಪಾಲು ಈ ಎರಡಕ್ಕೇ ಮೀಸಲು. ರಾತ್ರಿ ಮಲಗುವ ಹೊತ್ತಿಗೆ ರೂಟರ್ ಆರುತ್ತದೆ. ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ಯಾವ ಬಣ್ಣವಿದ್ದರೂ ಹತ್ತುತ್ತದೆ. ಯಂತ್ರ ಎಷ್ಟೇ ಜಾಣನಾದರೂ ಕೊನೆಯ ಮಾತು ಮನೆಯಲ್ಲಿರುವವರದ್ದಿರಬೇಕು.

ಮೀಸಲು ಎಷ್ಟಿರಬೇಕು ಎಂಬುದನ್ನು ನಿರ್ಧರಿಸಿದ್ದು ಪಂಚಾಂಗ. ಊರಿನಲ್ಲಿ ಮಳೆಯನ್ನು ಈಗಲೂ ನಕ್ಷತ್ರದ ಹೆಸರಿನಿಂದಲೇ ಕರೆಯುತ್ತಾರೆ. ಮಳೆನಕ್ಷತ್ರಗಳು ಸೂರ್ಯನ ಲೆಕ್ಕದವಾದ್ದರಿಂದ ಇಂಗ್ಲಿಷ್ ತಾರೀಕಿಗೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತವೆ. ಜೂನ್ 22ರ ಸುಮಾರಿಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಗಸ್ಟ್ ಮಧ್ಯದವರೆಗೆ ಆಶ್ಲೇಷ. ಈ ನಾಲ್ಕು ಮಳೆಗಳಲ್ಲಿ ಪ್ರೋಗ್ರಾಮ್ ಕೈ ಬಿಗಿಹಿಡಿಯುತ್ತದೆ, ಹಳದಿಗೆ ಬೇಗ ಜಾರುತ್ತದೆ. ಉಳಿದ ಕಾಲದಲ್ಲಿ ಧಾರಾಳ. ಇದಲ್ಲದೆ ಹಿಂದಿನ ಮೂರು ದಿನದ ಗಳಿಕೆ ನೋಡಿ ನಾಳೆಯದನ್ನು ಅಂದಾಜು ಮಾಡುತ್ತದೆ. ಹವಾಮಾನದ ಮುನ್ಸೂಚನೆಯನ್ನು ಇಂಟರ್ನೆಟ್ಟಿನಿಂದ ತರುವ ಏರ್ಪಾಡು ಬೇಡವೆಂದೇ ಬಿಟ್ಟೆ. ಕೇಬಲ್ ತುಂಡಾದ ದಿನವೂ ಅದು ಕೆಲಸ ಮಾಡಬೇಕು.

ಎಲ್ಲ ಮುಗಿದ ಮೇಲೆ ಲೆಕ್ಕ ಹೀಗಾಯಿತು: ಹಳದಿ ದಿನದ ಖರ್ಚು ದೀಪಕ್ಕೆ 120, ಫೋನಿಗೆ 25, ಹತ್ತು ಗಂಟೆಯ ರೂಟರಿಗೆ 80. ಒಟ್ಟು 225. ಮೊದಲಿದ್ದ 650 ಎಲ್ಲಿ, ಇದೆಲ್ಲಿ. ಇದರಲ್ಲಿ ಯಾರ ಬೆಳಕೂ ಕಡಿಮೆಯಾಗಿಲ್ಲ. ಸೋಲಾರಿನ ದಕ್ಷತೆ ಎಂದರೆ ನಾವು ಪ್ಯಾನೆಲ್ಲಿನ ಪರ್ಸೆಂಟೇಜ್ ನೋಡುತ್ತೇವೆ. ಒಂಟಿ ಮನೆಯ ಸೋಲಾರಿನಲ್ಲಿ ಬಿಸಿಲು ಕಳೆದುಹೋಗುವುದು ಹೆಚ್ಚಾಗಿ ಪ್ಯಾನೆಲ್ಲಿನಿಂದ ದೀಪದವರೆಗಿನ ದಾರಿಯಲ್ಲಿ, ಮತ್ತು ಬೇಡದ ಹೊತ್ತಿನಲ್ಲಿ.

ಆಗಸ್ಟಿನಲ್ಲಿ, ಆಶ್ಲೇಷ ಮಳೆ ಇನ್ನೂ ಬಿಡದಿದ್ದಾಗ, ಮತ್ತೆ ಹೋದೆ. ಹಳ್ಳ ತುಂಬಿ ಸಂಕದ ಮೇಲೆ ಒಬ್ಬೊಬ್ಬರೇ ದಾಟಬೇಕಾಗಿತ್ತು. ಬೋರ್ಡಿನ ದಾಖಲೆ ತೆಗೆದು ನೋಡಿದೆ: ಜುಲೈ ತಿಂಗಳಲ್ಲಿ ಕೆಂಪು ಹತ್ತಿದ್ದು ಆರು ದಿನ. ರೂಟರ್ ಒಂದು ದಿನವೂ ಪೂರ್ತಿ ನಿಂತಿರಲಿಲ್ಲ. ಪೆಟ್ಟಿಗೆಯೊಳಗೆ ಒಂದು ಹಲ್ಲಿ ಸಂಸಾರ ಹೂಡಿತ್ತು. ಅದನ್ನು ಹೊರಗೆ ಕಳಿಸಿ ತೂತಿಗೆ ಜಾಳಿಗೆ ಕಟ್ಟಿದೆ.

ದೊಡ್ಡಮ್ಮ ನನ್ನ ಪ್ರೋಗ್ರಾಮಿಗಿಂತ ಮುಂದೆ ಹೋಗಿದ್ದರು. ಬೆಳಗ್ಗೆ ಎದ್ದು ಅಂಗಳದಲ್ಲಿ ನಿಂತು ಮೋಡ ನೋಡಿ, ಹಳದಿ ಬರುವ ಮೊದಲೇ ಒರಳಿಗೆ ಹೋಗುತ್ತಿದ್ದರು. ಹನ್ನೆರಡಕ್ಕೆ ಸ್ವಲ್ಪ ಹೊಳವಾಗಿ ಗೋಡೆಯ ಮೇಲೆ ಹಸಿರು ಕಂಡರೆ ಒಳಗಿನಿಂದ ಕೂಗು: "ಹಸಿರು ಇದ್ದು, ಮಿಕ್ಸಿ ಹಾಕ್ಲಕ್ಕು!" ದೊಡ್ಡಪ್ಪನಿಗೆ ಮಾತ್ರ ಅಸಮಾಧಾನ. ಯಕ್ಷಗಾನದ ವಿಡಿಯೋ ನಡುವೆ, ಬಣ್ಣದ ವೇಷ ರಂಗಕ್ಕೆ ಬರುವ ಹೊತ್ತಿಗೆ ಸರಿಯಾಗಿ, ಹಳದಿಯಾಗಿ ಟಿವಿ ಆರಿತಂತೆ. ಅವರಿಗಾಗಿ ಒಂದು ವಿನಾಯಿತಿ ಸೇರಿಸಿದೆ: ದಿನಕ್ಕೊಮ್ಮೆ ಗುಂಡಿ ಒತ್ತಿ ಅರ್ಧ ಗಂಟೆ ಹೆಚ್ಚು ಪಡೆಯಬಹುದು, ಕೆಂಪು ಇಲ್ಲದಿದ್ದರೆ.

ಗುಡ್ಡದಾಚೆಯ ಇನ್ನೊಂದು ಮನೆಗೂ ಹೋಗಿ ಬಂದೆ. ಅಲ್ಲಿ 2017ರಲ್ಲಿ ಶುರುವಾದ ಸೌಭಾಗ್ಯ ಯೋಜನೆಯಲ್ಲಿ ಕೊಟ್ಟ ಸೋಲಾರ್ ಇದೆ. ಆ ಯೋಜನೆಯ ಕಿಟ್ಟಿನಲ್ಲಿ ಐದು ಎಲ್‌ಇಡಿ ದೀಪ, ಒಂದು ಡಿಸಿ ಫ್ಯಾನು, ಒಂದು ಡಿಸಿ ಪ್ಲಗ್ಗು. ಐದು ವರ್ಷದ ರಿಪೇರಿಯೂ ಅದರಲ್ಲೇ ಸೇರಿತ್ತು. ಇನ್ವರ್ಟರ್ ಇಲ್ಲದ ಈ ಜೋಡಣೆ ದೊಡ್ಡಪ್ಪನ ಹಳೆಯದಕ್ಕಿಂತ ಜಾಣತನದ್ದು. ಆದರೆ ಐದು ವರ್ಷ ಮುಗಿದು ಬ್ಯಾಟರಿ ಸತ್ತಿದೆ, ಇನ್ನೂ ಇಪ್ಪತ್ತು ವರ್ಷ ದುಡಿಯಬಲ್ಲ ಪ್ಯಾನೆಲ್ ಮಾಡಿನ ಮೇಲೆ ಸುಮ್ಮನೆ ಮಲಗಿದೆ. ಹಗಲು ಬಿಸಿಲಿದ್ದಾಗ ಫೋನ್ ಚಾರ್ಜ್ ಮಾಡಿಕೊಳ್ಳುತ್ತಾರೆ, ರಾತ್ರಿಗೆ ಚಿಮಣಿ ಬುಡ್ಡಿ. ಅದಕ್ಕಿಂತ ಸ್ವಲ್ಪ ಮುಂದೆ ಒಬ್ಬರು ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 250 ವ್ಯಾಟಿನ ದೊಡ್ಡ ಪ್ಯಾನೆಲ್ ತಂದು 12 ವೋಲ್ಟಿನ ಸಾದಾ ಕಂಟ್ರೋಲರಿಗೆ ಕಟ್ಟಿದ್ದರು. ಅದು 30 ವೋಲ್ಟಿನಲ್ಲಿ ದುಡಿಯುವ ಪ್ಯಾನೆಲ್. ಅವರಿಗೆ ಸಿಗುತ್ತಿದ್ದದ್ದು ನೂರು ವ್ಯಾಟಿನ ಆಸುಪಾಸು. ಪ್ಯಾನೆಲ್ ಮಾರಿದವರು ಇದನ್ನು ಹೇಳಿರಲಿಲ್ಲ.

ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕೂತ ನಮ್ಮಲ್ಲಿ ಎಷ್ಟೋ ಜನರಿಗೆ ಊರಿನಲ್ಲಿ ಇಂಥ ಒಂದು ಮನೆಯಿದೆ, ಅಲ್ಲಿ ವಯಸ್ಸಾದ ಇಬ್ಬರಿದ್ದಾರೆ. ಬ್ಯಾಟರಿ ಹೋಯಿತೆಂದು ಫೋನ್ ಬಂದರೆ ನಾವು ದುಡ್ಡು ಕಳಿಸುತ್ತೇವೆ, ಹೊಸ ಬ್ಯಾಟರಿ ಬರುತ್ತದೆ, ಅದೂ ಎರಡು ವರ್ಷಕ್ಕೆ ಹೋಗುತ್ತದೆ. ಮುಂದಿನ ಸಲ ಊರಿಗೆ ಹೋದಾಗ ದುಡ್ಡಿನ ಮೊದಲು ಮೂರು ವಿಷಯ ನೋಡಿ. ಇನ್ವರ್ಟರ್ ಯಾವುದಕ್ಕಾಗಿ ಹಗಲಿರುಳು ಉರಿಯುತ್ತಿದೆ? ಮಧ್ಯಾಹ್ನ ಮೂರಕ್ಕೆ ಪ್ಯಾನೆಲ್ ಮೇಲೆ ಯಾವ ಮರದ ನೆರಳಿದೆ? ಕತ್ತಲಾದ ಮೇಲೆ ಬ್ಯಾಟರಿ ಮುಗಿದರೆ ಮೊದಲು ಆರುವುದು ಯಾವುದು? ಈ ಮೂರಕ್ಕೆ ಎಂ.ಟೆಕ್ ಬೇಕಿಲ್ಲ.

ಅಣ್ಣ ಈ ವರ್ಷ ಫ್ಲ್ಯಾಟಿನ ಮಾತು ಎತ್ತಲಿಲ್ಲ. ಮುಂದೆ ಎತ್ತಬಹುದು, ಮೊಣಕಾಲು ನೋವಿಗೆ ನಾನು ಪ್ರೋಗ್ರಾಮ್ ಬರೆಯಲಾರೆ. ಆದರೆ ಅವರು ಊರು ಬಿಡುವುದಿದ್ದರೆ ಅದು ಅವರ ಮೊಣಕಾಲಿನ ಕಾರಣಕ್ಕಿರಲಿ, ಒಂದು ಇನ್ವರ್ಟರಿನ ಕಾರಣಕ್ಕೆ ಬೇಡ. ದೀಪಾವಳಿಗೆ ಹೋಗುವಾಗ ಇನ್ನೊಂದು ಬೋರ್ಡು ಒಯ್ಯುತ್ತಿದ್ದೇನೆ. ಗುಡ್ಡದಾಚೆಯ ಮನೆಯವರು ಬ್ಯಾಟರಿಗೆ ದುಡ್ಡು ಕೂಡಿಸುತ್ತಿದ್ದಾರೆ.